ತಪಸ್ಸುಕಾಲಕ್ಕೆ ಕ್ಯಾಲೆಂಡರ್ ಬೇಕೇ?

ಪರ

ಮನಸ್ಸು ತಾನಾಗಿ ತಿರುಗಲಿ ಅಂತ ಕಾಯುತ್ತ ಕೂತರೆ ವರ್ಷಗಳೇ ಕಳೆದುಹೋಗುತ್ತವೆ. ಅದಕ್ಕೇ ಈಸ್ಟರ್‌ಗೆ ಮುಂಚಿನ ಉಪವಾಸ, ಪಶ್ಚಾತ್ತಾಪದ ಕಾಲವಾದ ತಪಸ್ಸುಕಾಲ, ಅಂದರೆ ಲೆಂಟ್ ಶುರುವಾಗೋಕೆ ಕ್ರೈಸ್ತ ಸಭೆ ಒಂದು ದಿನ ಗೊತ್ತು ಮಾಡಿದೆ. ಅದೇ ಬೂದಿ ಬುಧವಾರ. ಅವತ್ತು ಬೂದಿ ಹಚ್ಚಿಸಿಕೊಳ್ಳಲು ಗುರುಗಳ ಮುಂದೆ ಸಾಲು ನಿಲ್ಲುತ್ತದೆ. ಹಿಂದಿನ ವರ್ಷ ಈಸ್ಟರ್‌ಗೆ ಒಂದು ವಾರ ಮುಂಚೆ ಬಂದ ಗರಿಗಳ ಭಾನುವಾರದ ಒಣ ಗರಿ ಸುಟ್ಟು ಮಾಡಿದ ಬೂದಿ ಅದು. ಹೆಬ್ಬೆರಳಿನಿಂದ ಹಣೆಗೆ ಶಿಲುಬೆ ಎಳೆದು, ನೀನು ಮಣ್ಣು, ಮತ್ತೆ ಮಣ್ಣಿಗೇ ಸೇರುತ್ತೀಯ ಅಂತ ನೆನಪಿಸುತ್ತಾರೆ. ಮುದುಕರಿಗೂ ಅದೇ ಮಾತು, ಅಮ್ಮನ ಕಂಕುಳಲ್ಲಿರುವ ಕೂಸಿಗೂ ಅದೇ ಮಾತು. ಬೇರೆ ದಿನ ಇದನ್ನು ನಮ್ಮ ಮುಖಕ್ಕೆ ಹೇಳುವವರು ಯಾರು?

ಅಲ್ಲಿಂದ ಈಸ್ಟರ್‌ಗೆ 46 ದಿನ. ಭಾನುವಾರ ಬಿಟ್ಟರೆ 40. ಪ್ರತಿ ಭಾನುವಾರವೂ ಪುನರುತ್ಥಾನದ ದಿನ, ಅದಕ್ಕೇ ಅವತ್ತು ಉಪವಾಸವಿಲ್ಲ. ಯೇಸು ಅಡವಿಯಲ್ಲಿ ಹಸಿದಿದ್ದದ್ದು 40 ದಿನ. ಅವರಿಗೆ ಬಂದ ಮೊದಲ ಶೋಧನೆ ಏನು? ಕಲ್ಲನ್ನು ರೊಟ್ಟಿ ಮಾಡಿಕೋ ಅಂತ. ರೊಟ್ಟಿ ತಿನ್ನುವುದು ಪಾಪವೇನಲ್ಲ. ಹೊಟ್ಟೆ ಕರೆದ ತಕ್ಷಣ ಓಡಬೇಡ, ಅಷ್ಟೇ. ಊಟದ ಹೊತ್ತು ಮೀರಿದಾಗ ಸಣ್ಣ ಮಾತಿಗೂ ಸಿಟ್ಟು ಬರುತ್ತದಲ್ಲ, ಆ ಸಿಟ್ಟು ಹಸಿವಿನಿಂದ ಹುಟ್ಟಿದ್ದಲ್ಲ. ಒಳಗೇ ಇತ್ತು. ಊಟ ಅದನ್ನು ಮುಚ್ಚಿಟ್ಟಿತ್ತು. ಉಪವಾಸ ಮಾಡದೆ ಅದು ಕಣ್ಣಿಗೆ ಬೀಳೋದು ಕಷ್ಟ.

ಇನ್ನು ಕಟ್ಟುನಿಟ್ಟು ಜಾಸ್ತಿ ಅನ್ನುವವರಿಗೆ ಒಂದು ಮಾತು. ಕ್ಯಾಥೋಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ, ಶುಭ ಶುಕ್ರವಾರ. ಅವತ್ತೂ ಒಂದು ಹೊತ್ತು ಪೂರ್ತಿ ಊಟ ಉಂಟು. ಕಾಯಿಲೆಯವರಿಗೆ ಅದೂ ಬೇಕಿಲ್ಲ.

ವಿರೋಧ

ಬೂದಿ ಬುಧವಾರದ ಪೂಜೆಯಲ್ಲಿ ಯಾವ ಸುವಾರ್ತೆ ಓದುತ್ತಾರೆ ಗೊತ್ತಾ? ಮತ್ತಾಯ 6. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ, ಜನರಿಗೆ ಗೊತ್ತಾಗಬಾರದು ಅನ್ನುತ್ತಾರೆ ಯೇಸು. ಅದನ್ನು ಕೇಳಿಸಿಕೊಂಡವರೇ ಹಣೆ ತುಂಬ ಬೂದಿ ಇಟ್ಟುಕೊಂಡು ಬೀದಿಗೆ ಬರುತ್ತೇವೆ. ಆಮೇಲೆ ಒಬ್ಬರನ್ನೊಬ್ಬರು ಕೇಳೋದು, 'ಈ ಸಲ ಏನು ಬಿಟ್ಟೆ?' ಚಾಕಲೇಟು, ಕಾಫಿ, ಮೊಬೈಲು. ಬಿಟ್ಟದ್ದೆಲ್ಲ ಈಸ್ಟರ್ ಮಧ್ಯಾಹ್ನಕ್ಕೆ ವಾಪಸ್ಸು.

ನಿಯಮ ಇದ್ದಲ್ಲಿ ಒಳದಾರಿಯೂ ಇರುತ್ತದೆ. ಒಂದು ಕಾಲದಲ್ಲಿ ಲೆಂಟ್‌ನಲ್ಲಿ ಮಾಂಸದ ಜೊತೆ ಬೆಣ್ಣೆಯೂ ನಿಷಿದ್ಧವಾಗಿತ್ತು. ಫ್ರಾನ್ಸಿನ ರುವಾನ್ ಕ್ಯಾಥೆಡ್ರಲ್‌ನ ಒಂದು ಗೋಪುರಕ್ಕೆ ಇವತ್ತಿಗೂ ಬೆಣ್ಣೆ ಗೋಪುರ ಅಂತಲೇ ಹೆಸರು. ಕಾಣಿಕೆ ಕೊಟ್ಟು ಬೆಣ್ಣೆ ತಿನ್ನಲು ಅನುಮತಿ ಪಡೆದವರ ದುಡ್ಡು ಅದಕ್ಕೆ ಹೋಯಿತು ಅನ್ನುತ್ತಾರೆ. 1522ರಲ್ಲಿ ಜೂರಿಕ್‌ನಲ್ಲಿ ಮುದ್ರಕ ಫ್ರೋಶೌವರ್ ಮನೆಯಲ್ಲಿ ಕೆಲವರು ಲೆಂಟ್ ಕಾಲದಲ್ಲೇ ಸಾಸೇಜ್ ತಿಂದರು. ದೊಡ್ಡ ಗಲಾಟೆಯಾಯಿತು. ಜೊತೆಗಿದ್ದ ಅಲ್ಲಿನ ಪಾದ್ರಿ, ಧರ್ಮಸುಧಾರಕ ಜ್ವಿಂಗ್ಲಿ ಮಾತ್ರ ತಿನ್ನಲಿಲ್ಲ. ಆದರೆ ಉಪವಾಸ ಮಾಡಬೇಕು ಅನ್ನಿಸಿದವರು ಮಾಡಲಿ, ಯಾರ ಮೇಲೂ ಹೇರಬೇಡಿ ಅಂತ ಆಮೇಲೆ ಬೋಧನೆ ಮಾಡಿದರು. ನನಗೂ ಇದೇ ಸರಿ ಅನ್ನಿಸುತ್ತದೆ.

ಹಸಿವು ಒಳಗಿನ ಸಿಟ್ಟನ್ನು ಹೊರಗೆ ತರುತ್ತದೆ, ಒಪ್ಪೋಣ. ಬೈಸಿಕೊಳ್ಳುವವರು ಮಾತ್ರ ಮನೆಯವರು, ಅಲ್ವಾ? ಯೆಶಾಯ 58ರಲ್ಲಿ ಪ್ರವಾದಿ ಇದನ್ನೇ ಬಯ್ಯುತ್ತಾನೆ: ಉಪವಾಸದ ದಿನವೇ ಜಗಳಕ್ಕೆ ನಿಲ್ಲುತ್ತೀರಿ, ಆಳುಗಳನ್ನು ಹಿಂಡುತ್ತೀರಿ. ದೇವರು ಕೇಳುವ ಉಪವಾಸ ಬೇರೆ, ನೊಗ ಮುರಿಯೋದು, ಹಸಿದವರ ಜೊತೆ ಊಟ ಹಂಚಿಕೊಳ್ಳೋದು. ಆಳಿಗೆ ಕೊಡಬೇಕಾದ ಕೂಲಿ ಕೊಡೋಕೆ ಬೂದಿ ಬುಧವಾರ ಬರೋವರೆಗೂ ಕಾಯಬೇಕಾ?