ಸಹಿಯ ಪಟ್ಟಿಯೂ ಧೈರ್ಯದ ಮಾತೂ

ಪೆಟ್ಟು ಬಿದ್ದ ಕಣ್ಣಿಗೆ ಗ್ಲಾಕೋಮಾ (ಕಣ್ಣೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ) ಬಂದು ಆಪರೇಷನ್ ನಿಶ್ಚಯವಾದಾಗ ರೋಗಿಗೆ ಏನು ಹೇಳಬೇಕು? ನಾನೀಗ ನೆಲೆಸಿರುವ ದೇಶದಲ್ಲಿ ಆಗಬಹುದಾದ ತೊಂದರೆಗಳನ್ನೆಲ್ಲ ರೋಗಿಯ ಮುಂದೆಯೇ ಓದಿ ಸಹಿ ಹಾಕಿಸುತ್ತಾರೆ. ಕರ್ನಾಟಕದಲ್ಲಿ ನಾನು ಕಂಡಂತೆ ವೈದ್ಯರು ಮನೆಯ ಹಿರಿಯರೊಬ್ಬರನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾರೆ. ರೋಗಿಯ ಕಿವಿಗೆ ಬೀಳುವುದು ‘ಏನೂ ಆಗುವುದಿಲ್ಲ, ಧೈರ್ಯವಾಗಿರಿ’ ಎಂಬುದಷ್ಟೇ.

ಧೈರ್ಯ ಬೇಕು, ನಿಜ. ಆದರೆ ಈ ಆಪರೇಷನ್ನಿನ ಸ್ವಭಾವವೇ ಬೇರೆ. ಪೆಟ್ಟಿನಿಂದ ಕಣ್ಣೊಳಗಿನ ನೀರು ಹೊರಹೋಗುವ ಜಾಗ ಹಾಳಾಗಿರುತ್ತದೆ. ಇದರಿಂದ ಕಣ್ಣೊಳಗಿನ ಒತ್ತಡ ಎಷ್ಟೋ ವರ್ಷಗಳ ಮೇಲೂ ಏರಬಹುದು. ಟ್ರಾಬೆಕ್ಯುಲೆಕ್ಟಮಿ ಎಂಬ ಆಪರೇಷನ್ನಿನಲ್ಲಿ ಆ ನೀರಿಗೆ ಹೊಸ ದಾರಿ ಮಾಡುತ್ತಾರೆ. ದೇಹದ ಲೆಕ್ಕದಲ್ಲಿ ಅದೂ ಒಂದು ಗಾಯವೇ, ಮುಚ್ಚಲು ಹೊರಡುತ್ತದೆ. ಪೆಟ್ಟು ತಿಂದ ಕಣ್ಣಿನಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಈ ಹಟ ಇನ್ನೂ ಜೋರು. ಅದನ್ನು ತಡೆಯಲು ಮೈಟೊಮೈಸಿನ್ ಎಂಬ ಔಷಧ ಹಚ್ಚಿದರೆ ಕೆಲವೊಮ್ಮೆ ನೀರು ಅತಿಯಾಗಿ ಸೋರುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟಿರುವ ಒತ್ತಡ 5ಕ್ಕಿಂತ ಕೆಳಗಿಳಿದರೆ ಅಕ್ಷಿಪಟಲದ (ರೆಟಿನಾ) ನಡುಭಾಗ ಸುಕ್ಕುಗಟ್ಟಿ ದೃಷ್ಟಿ ಮಬ್ಬಾಗಬಹುದು. ಅಪರೂಪಕ್ಕೆ ಕಣ್ಣಿನೊಳಗೆ ಹಿಂಬದಿಯಲ್ಲಿ ರಕ್ತಸ್ರಾವವಾಗುತ್ತದೆ. ಪೊರೆ ಬೇಗ ಬೆಳೆಯುವುದು ಸಾಮಾನ್ಯ. ನೀರು ಹೊರಹೋಗಲು ನಳಿಕೆ ಇಟ್ಟವರಿಗೆ ಅದು ಹೊರಚಾಚುವ, ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತಾಗುವ, ಒಂದು ಎರಡಾಗಿ ಕಾಣುವ ಚಿಂತೆ ಬೇರೆ.

ಇದನ್ನು ಮುಚ್ಚಿಟ್ಟರೆ ನಷ್ಟ ತಿಳಿಯುವುದು ಆಮೇಲೆ. ಮೊದಲ ವಾರಗಳ ತಪಾಸಣೆಯಲ್ಲಿ ಒತ್ತಡ ನೋಡಿ ಹೊಲಿಗೆಯನ್ನು ಲೇಸರಿನಿಂದ ಸಡಿಲಿಸುವುದು, ಔಷಧ ಬದಲಿಸುವುದು ಚಿಕಿತ್ಸೆಯ ಭಾಗವೇ ಆಗಿವೆ. ‘ಆಪರೇಷನ್ ಆಯಿತಲ್ಲ’ ಎಂದುಕೊಂಡವರು ಹೋಗುವುದನ್ನು ನಿಲ್ಲಿಸುತ್ತಾರೆ. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳದು ಎಂದು ಮೊದಲೇ ಹೇಳಿರದಿದ್ದರೆ, ಚೆನ್ನಾಗಿ ಆದ ಆಪರೇಷನ್ನನ್ನೂ ಕೆಟ್ಟಿತೆಂದೇ ಭಾವಿಸುತ್ತಾರೆ. ಆ ಹೊಸ ದಾರಿಯಿಂದ ಬಂದ ನೀರು ರೆಪ್ಪೆಯಡಿ ಸೇರುವ ಗುಳ್ಳೆಗೆ ವರ್ಷಗಳ ನಂತರವೂ ಸೋಂಕು ತಗಲಬಹುದು. ಕೆಂಪು, ನೋವು, ಕೀವು, ಮಬ್ಬು ಕಂಡರೆ ಅಂದೇ ವೈದ್ಯರ ಬಳಿ ಓಡಬೇಕು. ಮನೆಯಲ್ಲಿ ಉಳಿದಿದ್ದ ಯಾವುದೋ ಹನಿ ಹಾಕಿಕೊಂಡು ಕಾಯುವಂತಿಲ್ಲ. ಪಕ್ಕಕ್ಕೆ ಕರೆಸಿಕೊಂಡ ಆ ಹಿರಿಯರು ಅಷ್ಟು ವರ್ಷ ಇದನ್ನು ನೆನಪಿಟ್ಟುಕೊಂಡಿರುತ್ತಾರೆಯೇ?

ಹಾಗೆಂದು ಇಲ್ಲಿನ ರೀತಿಯೂ ನನಗೆ ಪೂರ್ತಿ ಒಪ್ಪಿಗೆಯಲ್ಲ. ಅಪರೂಪದ್ದನ್ನೂ ದಿನನಿತ್ಯದ್ದನ್ನೂ ಒಂದೇ ದನಿಯಲ್ಲಿ ಓದುತ್ತಾರೆ. ಸಹಿ ರೋಗಿಗಿಂತ ಆಸ್ಪತ್ರೆಯನ್ನೇ ಹೆಚ್ಚು ಕಾಯುತ್ತದೆ. ನಾಡಿನ ವೈದ್ಯರ ಆಪ್ತತೆಯಂತೂ ಇಲ್ಲವೇ ಇಲ್ಲ. ಆದರೂ ಆರಿಸಿಕೊಳ್ಳಬೇಕಾದರೆ ನನಗೆ ಆ ಒಣ ಪಟ್ಟಿಯೇ ಬೇಕು. ಅದನ್ನು ಮನೆಗೆ ಒಯ್ದು ಮತ್ತೆ ಓದಬಹುದು, ಅರ್ಥವಾಗದ್ದನ್ನು ಮುಂದಿನ ಭೇಟಿಯಲ್ಲಿ ಕೇಳಬಹುದು.