ಕೋಟೆಗೊಂದು ಬಚ್ಚಲುಮನೆ

ನಿನ್ನೆಯ ಆಟದಲ್ಲೂ ನನ್ನ ಡ್ರ್ಯಾಗನ್ ಗುಹೆಯಲ್ಲೇ ಕೂತು ಕಾಯಿತು. ಯಾರೂ ಹೋಗಲಿಲ್ಲ. ಆಫೀಸಿನಿಂದ ಬಂದು, ರಾತ್ರಿ ನಿದ್ದೆಗೆಟ್ಟು ಆ ಗುಹೆಯ ನಕ್ಷೆ ಬರೆದವಳು ನಾನು. ಎಲ್ಲಿ ಬಲೆ, ಎಲ್ಲಿ ನಿಧಿ, ಡ್ರ್ಯಾಗನ್ ಮೊದಲು ಏನು ಗರ್ಜಿಸಬೇಕು, ಎಲ್ಲ ತಯಾರಿತ್ತು. ಆದರೆ ನಮ್ಮ ವೀರರಿಗೆ ಬಿಡುವಿರಲಿಲ್ಲ. ಕೋಟೆಯ ಬಚ್ಚಲುಮನೆ ದೊಡ್ಡದು ಮಾಡಿಸುವುದಿತ್ತು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ಕಟ್ಟುವ ಆಟ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಈಗ ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ಊಟದ ಮೇಜಿನವರೆಗೂ ಬಂದಿದೆ. ಒಬ್ಬ ಡ್ವಾರ್ಫ್, ಅಂದರೆ ಕಥೆಗಳಲ್ಲಿ ಬರುವ ಕುಳ್ಳ ಜನದವನು, ಆಗುತ್ತಾನೆ, ಇನ್ನೊಬ್ಬಳು ಮಂತ್ರವಾದಿ. ಕಥೆ ನಡೆಸುವವರನ್ನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅನ್ನುತ್ತಾರೆ. ಅಂದರೆ ಉಳಿದವರು ಚಕ್ಕುಲಿ ತಿನ್ನುವಾಗ ಪುಸ್ತಕ ತಿರುವಿ ಹಾಕುವ ಪ್ರಾಣಿ. ನಮ್ಮಲ್ಲಿ ಆ ಪ್ರಾಣಿ ನಾನೇ.

ಇದೆಲ್ಲ ಶುರುವಾಗಿದ್ದು 2024ರ ನಿಯಮ ಪುಸ್ತಕದಿಂದ. ಅದರಲ್ಲಿ ಬ್ಯಾಸ್ಟಿಯನ್ ಅಂತ ಒಂದು ಏರ್ಪಾಡು ಮಾಡಿದ್ದಾರೆ. ಪಾತ್ರ 5ನೇ ಲೆವೆಲ್ ಮುಟ್ಟಿದರೆ ಸ್ವಂತ ನೆಲೆ. ಎರಡು ಸಾದಾ ಕೋಣೆ, ಜೊತೆಗೆ ಕಮ್ಮಾರಸಾಲೆ, ಲೈಬ್ರರಿಯಂಥ ಎರಡು ವಿಶೇಷ ಕೋಣೆ ಪುಕ್ಕಟೆ. ಬೇಕಾದವರು ತಮ್ಮ ತಮ್ಮ ನೆಲೆಗಳನ್ನು ಸೇರಿಸಿ ಒಂದೇ ಕೋಟೆ ಮಾಡಿಕೊಳ್ಳಬಹುದು. ನಮ್ಮವರು ಸೇರಿಸಿಕೊಂಡರು. ಆಮೇಲೆ ಸಾಹಸ ಅಂತ ಒಂದು ನಡೆದಿದ್ದರೆ ಕೇಳಿ.

ಸಾದಾ ಕೋಣೆಗಳ ಪಟ್ಟಿ ಓದಿದೆ. ಮಲಗುವ ಕೋಣೆ, ಊಟದ ಮನೆ, ಅಡುಗೆಮನೆ, ಹಜಾರ, ಅಂಗಳ, ಉಗ್ರಾಣ. ಡ್ವಾರ್ಫ್ ಕೈ ಎತ್ತಿದ.

"ಬಚ್ಚಲು?"

"ಪಟ್ಟಿಯಲ್ಲಿಲ್ಲ."

"ಇಷ್ಟು ಜನ ಯೋಧರು ಎಲ್ಲಿಗೆ ಹೋಗ್ತಾರೆ ಮತ್ತೆ?"

ಮಂತ್ರವಾದಿ ಕಾಡಿನ ಕಡೆ ಕೈ ತೋರಿಸಿದಳು. ಅವನು ಒಪ್ಪಲಿಲ್ಲ. ರಾತ್ರಿ ಹೊತ್ತು ಕಾಡಿನಲ್ಲಿ ತೋಳಗಳಿವೆ ಅಂತ ನಾನೇ ಹಿಂದೊಮ್ಮೆ ಹೇಳಿದ್ದೆನಂತೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದ! ಡ್ರ್ಯಾಗನ್ನಿನ ಹೆಸರು ಕೇಳಿದರೆ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಸರಿ, ಕಟ್ಟಿಸಿಕೊ ಮಾರಾಯ ಅಂದೆ. ಎಲ್ಲಕ್ಕಿಂತ ಚಿಕ್ಕ ಅಳತೆಯ ಕೋಣೆ ನಾಲ್ಕು ಚೌಕ. ಒಂದು ಚೌಕಕ್ಕೆ ಐದಡಿ, ಅಂದರೆ ಹತ್ತು-ಹತ್ತರ ಬಚ್ಚಲು. 500 ಚಿನ್ನದ ನಾಣ್ಯ, 20 ದಿನದ ಕೆಲಸ. ಕಟ್ಟಿಸಿದ. ಮುಂದಿನ ವಾರ ಬಂದು ಇಕ್ಕಟ್ಟಾಯ್ತು ಅಂದ. ಹಂಡೆ ಇಟ್ಟ ಮೇಲೆ ತಿರುಗಲು ಜಾಗವಿಲ್ಲವಂತೆ. ಡ್ವಾರ್ಫಿಗೆ! ನಾಲ್ಕಡಿ ಎತ್ತರದವನಿಗೆ! ಇನ್ನೊಂದು 500 ಕೊಟ್ಟು 16 ಚೌಕ ಮಾಡಿಸಿದ. ಇಪ್ಪತ್ತು-ಇಪ್ಪತ್ತು. ಸೌದೆ ಒಲೆ ಯಾವ ಮೂಲೆಗೆ, ನೀರು ಯಾವ ಕಡೆ ಹರಿಯಬೇಕು, ಹೊಗೆ ಎಲ್ಲಿಂದ ಹೋಗಬೇಕು ಅಂತ ಚರ್ಚೆ. ಮಂತ್ರವಾದಿ, ನೀರು ಕಾಯಿಸಲು ನನ್ನ ಬೆಂಕಿ ಮಂತ್ರ ಇಲ್ವಾ ಅಂದಳು. ಸೌದೆ ನೀರಿನ ಹಿತವೇ ಬೇರೆ ಅಂತ ಅವನ ಉತ್ತರ. ನಿನ್ನೆ ಕೇಳಿದ್ದು 36 ಚೌಕ. ಮತ್ತೆ 2000 ನಾಣ್ಯ, 80 ದಿನ. ಲೆಕ್ಕ ಹಾಕಿ ನೋಡಿ, 900 ಚದರಡಿ. ನಾವು ಕೂತು ಆಡುವ ಈ ಮನೆ ಅಷ್ಟಿಲ್ಲ.

ಬೈಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವನು, "80 ದಿನ ಅಂದ್ರೆ 80ನೇ ದಿನಕ್ಕೆ ಮುಗಿದೇ ಬಿಡತ್ತಾ?" ಅಂತ ಕೇಳಿದ. ಹೌದು ಅಂದೆ. ಸುಮ್ನೆ ನಕ್ಕ. ಅವನು ಊರಾಚೆ ಬುಕ್ ಮಾಡಿದ ಫ್ಲ್ಯಾಟು ಇನ್ನೂ ಕೈಗೆ ಬಂದಿಲ್ಲ. ಪ್ರತಿ ದೀಪಾವಳಿಗೂ ಬಿಲ್ಡರ್ ಮುಂದಿನ ಯುಗಾದಿ ಅನ್ನುತ್ತಾನೆ. ಬಾಡಿಗೆಯೂ ಹೋಗುತ್ತಿದೆ, ಸಾಲದ ಕಂತೂ ಹೋಗುತ್ತಿದೆ. ಆ ಫ್ಲ್ಯಾಟಿನ ನಕ್ಷೆ ಅವನ ಫೋನಿನಲ್ಲಿದೆ. ಅದರ ಬಾತ್‌ರೂಮಿನಲ್ಲಿ ಬಾಗಿಲು ಪೂರ್ತಿ ತೆರೆದರೆ ಕಮೋಡಿಗೆ ತಾಗುತ್ತದೆ. ನಾನು ಬಾಯಿ ಮುಚ್ಚಿಕೊಂಡು 36 ಚೌಕ ಬರೆದುಕೊಂಡೆ.

ಆದರೂ ಡಿಎಂಗೂ ಒಂದು ಹೊಟ್ಟೆ ಉರಿ ಇರುತ್ತದೆ. ಕೋಟೆಯನ್ನು ಸುಮ್ಮನೆ ನೋಡಿಕೊಂಡಿರಿ ಅಂತ ಆಳುಗಳಿಗೆ ಅಪ್ಪಣೆ ಕೊಟ್ಟರೆ, ವಾರಕ್ಕೊಮ್ಮೆ ನೂರರ ದಾಳ ಉರುಳಿಸಿ ಅಲ್ಲಿ ಏನು ನಡೆಯಿತು ಅಂತ ನೋಡಬೇಕು. 50ರ ಒಳಗೆ ಬಿದ್ದರೆ ಎಲ್ಲ ಕ್ಷೇಮ. ಈ ಜನಕ್ಕೆ ಸದಾ ಕ್ಷೇಮವೇ. ನಿನ್ನೆ ಕೊನೆಗೂ ದಾಳಿ ಅಂತ ಬಿತ್ತು! ಖುಷಿಯಿಂದ ಎದ್ದು ನಿಂತು, ಶತ್ರುಗಳು ಗೋಡೆ ಹತ್ತಿದ್ದನ್ನು ಕೈ ಬೀಸಿ ಬೀಸಿ ವರ್ಣಿಸಿದೆ. ಕಾವಲುಗಾರರು ಅಂತ ಒಬ್ಬನನ್ನೂ ಇವರು ಇಟ್ಟಿರಲಿಲ್ಲ, ದುಡ್ಡೆಲ್ಲ ಹಂಡೆಗೆ ಹೋಗಿತ್ತಲ್ಲ.

ಡ್ವಾರ್ಫ್ ಬಿಳಿಚಿಕೊಂಡ. "ಬಚ್ಚಲಿಗೆ ಏನಾಯ್ತು?"

ಪುಸ್ತಕ ತೆಗೆದೆ. ಹಾಳಾಗುವುದು ಯಾವುದಾದರೂ ಒಂದು ವಿಶೇಷ ಕೋಣೆ ಮಾತ್ರ. ಸಾದಾ ಕೋಣೆಯ ತಂಟೆಗೆ ಯಾರೂ ಹೋಗುವುದಿಲ್ಲ. ಮಂತ್ರವಾದಿಯ ಲೈಬ್ರರಿ ಹೋಯಿತು. ಅದೂ ಮುಂದಿನ ವಾರ ರಿಪೇರಿಯಾಗುತ್ತದೆ, ಪುಕ್ಕಟೆ.

"ಅಯ್ಯೋ, ಪುಸ್ತಕ ತಾನೇ," ಅಂದ ಡ್ವಾರ್ಫ್. "ಸ್ನಾನ ಮಾಡ್ಕೊಂಡು ಬಾ ಹೋಗು, ಸಮಾಧಾನ ಆಗತ್ತೆ."