ಹಳೇ ಪತ್ರಿಕೆಗೆ ಲ್ಯಾಮಿನೇಷನ್ ಮಾಡಿಸಿದರೆ ನೂರು ವರ್ಷ ಬರುತ್ತದೆಯೇ?

ಮೈಸೂರು, ಮಂಡ್ಯದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸಲಹೆ ಇದು: 'ಮನೆಯಲ್ಲಿರುವ ಹಳೇ ಪತ್ರಿಕೆಗೆ ಲ್ಯಾಮಿನೇಷನ್ ಮಾಡಿಸಿ, ಎಂದಿಗೂ ಹಾಳಾಗದು.'

ಸತ್ಯಾಂಶ: ಇದು ತಪ್ಪು.

ಪತ್ರಿಕೆಯ ಕಾಗದ ಅರೆದ ಮರದ ತಿರುಳಿನದು. ಅದರಲ್ಲಿ ಉಳಿದ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿಗೆ ಹಳದಿಯಾಗುತ್ತದೆ; ಕಾಗದದೊಳಗಿನ ಆಮ್ಲ ನಾರುಗಳನ್ನು ತುಂಡರಿಸುತ್ತದೆ. ಲ್ಯಾಮಿನೇಷನ್ ಆ ಆಮ್ಲವನ್ನು ಒಳಗೇ ಕೂಡಿಹಾಕುತ್ತದೆ. ಬಿಸಿಗೆ ಕರಗಿದ ಅಂಟು ನಾರಿಗಿಳಿದರೆ ಮತ್ತೆ ಬಿಡಿಸಲಾಗದು. ಮೈಸೂರಿನ ಹಿರಿಯ ಪತ್ರಕರ್ತ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರ 'ಸಾಧ್ವಿ' ಪತ್ರಿಕೆಯ ಹಳೇ ಸಂಚಿಕೆ ನಿಮ್ಮಲ್ಲಿದ್ದರೆ ದಯವಿಟ್ಟು ಲ್ಯಾಮಿನೇಷನ್ ಯಂತ್ರಕ್ಕೆ ಕೊಡಬೇಡಿ.

ಮೊದಲು ತುಕ್ಕು ಹಿಡಿದ ಪಿನ್ನು ತೆಗೆಯಿರಿ, ಮೆತ್ತನೆ ಬ್ರಷ್‌ನಿಂದ ಧೂಳು ಒರೆಸಿ. ಮಡಿಕೆ ಬಿಡಿಸುವಾಗ ಚೂರಾಗುವಂತಿದ್ದರೆ ಅಲ್ಲಿಗೇ ನಿಲ್ಲಿಸಿ, ತಜ್ಞರಿಗೆ ತೋರಿಸಿ. ಹಾಳೆಗಳ ನಡುವೆ ಆಮ್ಲರಹಿತ ಕಾಗದವಿಟ್ಟು ಚಪ್ಪಟೆ ಪೆಟ್ಟಿಗೆಯಲ್ಲಿ ಮಲಗಿಸಿಡಿ. ಹರಿದ ಕಡೆ ಸೆಲ್ಲೋಟೇಪ್ ಬೇಡ. ಗೋಧಿ ಪಿಷ್ಟದ ಅಂಟು, ತೆಳು ಜಪಾನಿ ಕಾಗದ ಸಾಕು, ಬೇಕೆಂದಾಗ ನೀರಿನಿಂದ ಬಿಡಿಸಬಹುದು. ಮಳೆಗಾಲದಲ್ಲಿ ಗಾಳಿಯ ತೇವಾಂಶ ಶೇ. 65 ದಾಟಿದರೆ ಬೂಷ್ಟು ಬರಬಹುದು, ಹಾಗಾಗಿ ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸಬೇಡಿ.

ಫೋಟೊ ತೆಗೆದ ಮೇಲೆ ಮೂಲಪ್ರತಿ ಎಸೆಯಬಹುದೆಂಬ ಮಾತೂ ಸರಿಯಲ್ಲ. ಮಸುಕಾದ ಚಿತ್ರವನ್ನು ಮೂಲವಿದ್ದರಷ್ಟೇ ಮತ್ತೆ ತೆಗೆಯಲಾದೀತು.

ಗ್ರಂಥಾಲಯಕ್ಕೆ ಕೊಡುವಾಗ ಪತ್ರಿಕೆಯ ಹೆಸರು, ಊರು, ದಿನಾಂಕ, ಸಂಪುಟ, ಸಂಚಿಕೆ ಬರೆದ ಚೀಟಿ ಜೊತೆಗಿಡಿ. ಯಾವ ಸಂಚಿಕೆ ಇಲ್ಲ ಎಂಬುದನ್ನೂ ಬರೆಯಿರಿ: ಗ್ರಂಥಾಲಯದಲ್ಲಿ ಪಟ್ಟಿ ಮಾಡುವ ಸೂಚಿಕಾರರಿಗೆ ಅದೂ ಬೇಕಾಗುತ್ತದೆ.